ರಾಶಿಯ ಅಡಿಯ ಕಾಳು



ಈ ಉಪನ್ಯಾಸದ ದತ್ತಿ ಒಬ್ಬ ತಾಯಿಯ ನೆನಪಿನದು. ಆಕೆ ಸುಗ್ಗಿಯಲ್ಲಿ ಕಣ ಸಾರಿಸಿ, ರಾಶಿ ತೂರಿ, ಮಕ್ಕಳನ್ನು ಓದಿಸಿದವರು ಎಂದು ಮನೆಯವರು ಹೇಳಿದರು. ಆ ಮಾತು ಕಿವಿಗೆ ಬಿದ್ದ ಮೇಲೆ ಇವತ್ತು ಏನು ಮಾತಾಡಬೇಕೆಂದು ನಾನು ಹುಡುಕುವ ಅಗತ್ಯವೇ ಬೀಳಲಿಲ್ಲ.

ನನ್ನ ಮೊಮ್ಮಗ ಮೊಬೈಲಿನಲ್ಲಿ ಒಂದು ಆಟ ಆಡುತ್ತಾನೆ. ಕೋಟೆ ಕಟ್ಟುವ ಆಟ. ಮೇಲೆ ರಾಜ, ಅವನ ಕೆಳಗೆ ಸರದಾರರು, ಅವರ ಕೆಳಗೆ ಕುದುರೆ ಏರಿದ ವೀರರು, ಎಲ್ಲರ ಕೆಳಗೆ ಹೆಸರಿಲ್ಲದ ರೈತರು. ರೈತರನ್ನು ಒತ್ತಿದರೆ ಧಾನ್ಯ ಬರುತ್ತದೆ. ಒಂದು ದಿನ ಅವನು ಕೇಳಿದ: 'ತಾತ, ಆನೇಕಲ್ಲಲ್ಲೂ ಕೋಟೆ ಇತ್ತಲ್ಲ, ಆವಾಗ ನಮ್ಮನೆಯವರು ಏನಾಗಿದ್ರು?' ನೀರಗಂಟಿಗಳಾಗಿದ್ದರಪ್ಪ ಎಂದೆ. ಆ ಪದ ಅವನಿಗೆ ಗೊತ್ತಿರಲಿಲ್ಲ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುವವರು ಎಂದು ಬಿಡಿಸಿ ಹೇಳಿದೆ. 'ಅವರು ರಾಜನಿಗೆ ಏನಾಗಬೇಕು?' ಎಂದು ಕೇಳಿದ. ಆ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೊಳೆಯಲಿಲ್ಲ. ಇವತ್ತಿನ ಉಪನ್ಯಾಸವನ್ನು ಆ ಹುಡುಗನಿಗೆ ಕೊಡುವ ಉತ್ತರವೆಂದೇ ತಿಳಿಯಿರಿ.

ಮೊದಲು ಊರಿನ ಹೆಸರುಗಳನ್ನು ನೋಡೋಣ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಓಡುತ್ತಿದೆ. ಕಿಟಕಿಯ ಪಕ್ಕ ಕೂತು ನಿಲ್ದಾಣಗಳ ಹೆಸರು ಕೇಳುತ್ತ ಬನ್ನಿ: ಹೊಂಗಸಂದ್ರ, ಸಿಂಗಸಂದ್ರ, ಕೋನಪ್ಪನ ಅಗ್ರಹಾರ, ಬೊಮ್ಮಸಂದ್ರ. ಸಂದ್ರ ಎಂದರೆ ಸಮುದ್ರ. ಯಾರೋ ಕೆರೆ ಕಟ್ಟಿಸಿ ಅದಕ್ಕೆ ಸಮುದ್ರವೆಂದು ಹೆಸರಿಟ್ಟರು, ಕೆರೆಯ ಹೆಸರೇ ಊರಿಗೆ ಉಳಿಯಿತು. ಅಗ್ರಹಾರ ಎಂದರೆ ಓದುಬರಹದ ಬ್ರಾಹ್ಮಣರಿಗೆ ಬಿಟ್ಟ ಊರು. ಪಾಳ್ಯವೆಂದರೆ ದಂಡು ಬಿಡಾರ ಹೂಡಿದ ಜಾಗ. ಪೇಟೆ ವ್ಯಾಪಾರಿಗಳದು, ನೇಯ್ಗೆಯವರದು. ಎಲೆಕ್ಟ್ರಾನಿಕ್ ಸಿಟಿಗೆ 1970ರ ದಶಕದ ಕೊನೆಯಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆ ತೆಗೆದುಕೊಂಡದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ. ಹಳೆಯ ರಾಜ್ಯದಲ್ಲಿ ಯಾರು ಯಾವ ಕೆಲಸಕ್ಕೆ ಇದ್ದರೆಂಬ ಪಟ್ಟಿಯನ್ನು ಮೆಟ್ರೊದ ಧ್ವನಿವರ್ಧಕ ದಿನವೂ ಓದುತ್ತಿದೆ. ಆ ಪಟ್ಟಿಯಲ್ಲಿ ಕೆರೆ ಕಟ್ಟಿಸಿದವನ ಹೆಸರಿದೆ. ಕೆರೆಯ ಮಣ್ಣು ಹೊತ್ತವನ, ತೂಬು ಕಾದವನ ಹೆಸರಿನ ಊರು ಒಂದೂ ನನಗೆ ಸಿಕ್ಕಿಲ್ಲ.

ರಾಜರ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಸೀಮೆಯನ್ನು ಗಂಗರು ಆಳಿದರು, ಚೋಳರು ಆಳಿದರು, ಹೊಯ್ಸಳರು ಆಳಿದರು. ನಮ್ಮ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ತಮಿಳು ಶಾಸನಗಳೂ ಸಿಗುವುದು ಅದಕ್ಕೇ. ವಿಜಯನಗರದ ಕಾಲಕ್ಕೆ ಸುಗಟೂರಿನ ಗೌಡರ ಮನೆತನ ಪಾಳೆಯಗಾರಿಕೆಗೆ ಏರಿತು. 17ನೇ ಶತಮಾನದ ಹೊತ್ತಿಗೆ ಆನೇಕಲ್ಲು ಅವರ ಕೈಯಲ್ಲಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಬೆಂಗಳೂರನ್ನು ಹಿಡಿಯಿತು. 1687ರಲ್ಲಿ ಬೆಂಗಳೂರು ಮೈಸೂರಿನ ಚಿಕ್ಕದೇವರಾಜ ಒಡೆಯರ ಪಾಲಾಯಿತು. 1760ರ ಸುಮಾರಿಗೆ ಆನೇಕಲ್ಲು ಹೈದರಾಲಿಗೆ ಸೇರಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಮತ್ತೆ ಮೈಸೂರು ಅರಸರಿಗೆ ಬಂತು. ಇಷ್ಟು ಬಾವುಟ ಏರಿ ಇಳಿದರೂ ಕೆರೆಯ ತೂಬಿನ ಬಳಿ ನಿಂತವನ ಕೆಲಸ ಬದಲಾಗಲಿಲ್ಲ. ಅವನ ಮಗ ಅಲ್ಲೇ ನಿಂತ, ಮೊಮ್ಮಗನೂ ಅಲ್ಲೇ ನಿಂತ.

ಪರದೇಶದ ಒಂದು ಮಾತು. ಯುರೋಪಿನಲ್ಲಿ 11ನೇ ಶತಮಾನದ ಆರಂಭಕ್ಕೆ ಲಾನ್ ಎಂಬ ಊರಿನ ಅಡಾಲ್ಬೆರೊ ಎಂಬ ಬಿಷಪ್ಪು ಸಮಾಜವನ್ನು ಮೂರಾಗಿ ವಿಂಗಡಿಸಿ ಹೇಳಿದ: ಪ್ರಾರ್ಥಿಸುವವರು, ಕಾದುವವರು, ದುಡಿಯುವವರು. ನನ್ನ ಮೊಮ್ಮಗನ ಆಟ ಹುಟ್ಟಿದ್ದು ಆ ಲೆಕ್ಕದಿಂದ. ಅಲ್ಲಿ ದುಡಿಯುವವರೆಲ್ಲ ಒಂದೇ ಗುಂಪು. ನಮ್ಮಲ್ಲಿ ಹಾಗೆ ಬಿಡಲಿಲ್ಲ. ದುಡಿಮೆಯನ್ನೇ ಹೋಳು ಹೋಳಾಗಿ ಹೆಚ್ಚಿ, ಒಂದೊಂದು ಹೋಳಿಗೂ ಒಂದೊಂದು ಕುಲವನ್ನು ಕಟ್ಟಿಹಾಕಿದರು. ಆದ್ದರಿಂದ ಇಲ್ಲಿನ ಕಥೆಯನ್ನು ಹೇಳಲು ಮೂರು ಮೆಟ್ಟಿಲು ಸಾಲವು.

ಕಾದುವವರಿಂದ ಶುರು ಮಾಡೋಣ. ಇಲ್ಲಿಂದ ದೂರವೇನಿಲ್ಲದ ಬೇಗೂರಿನ ವೀರಗಲ್ಲು ಇವತ್ತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಸ್ತೂರಬಾ ರಸ್ತೆಗೆ ಹೋದವರು ದಯವಿಟ್ಟು ಒಂದು ಗಂಟೆ ಅದರ ಮುಂದೆ ನಿಲ್ಲಿ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರನೆಂಬ ನಾಯಕ ವೀರಮಹೇಂದ್ರನ ಮೇಲೆ ಕಾದಲು ಹೋಗಿ ತುಂಬೆಪಾಡಿಯಲ್ಲಿ ಮಡಿದ. ಆಗ ಅರಸ ಎರೆಯಪ್ಪ ಇರುಗನೆಂಬವನಿಗೆ 'ನಾಗತ್ತರ' ಎಂಬ ಪಟ್ಟವನ್ನೇ ಕಟ್ಟಿದ, ಬೆಂಪೂರು ಹನ್ನೆರಡು ಎಂಬ ಊರುಗಳನ್ನು ಕೊಟ್ಟ. ಸತ್ತವನ ಹೆಸರು ಬದುಕಿದವನಿಗೆ ಹುದ್ದೆಯಾಯಿತು. ಪ್ರಾಣಕ್ಕೆ ಹನ್ನೆರಡು ಊರಿನ ಬೆಲೆ. ಬೇಗೂರಿನದೇ ಇನ್ನೊಂದು ಶಾಸನದಲ್ಲಿ ಬೆಂಗಳೂರು ಎಂಬ ಹೆಸರು ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಅದು 890ರ ಸುಮಾರಿನದು, ಬೆಂಗಳೂರು ಕಾಳಗದ ಶಾಸನ. ಆ ಕಾಳಗದಲ್ಲಿ ಸತ್ತವರಲ್ಲಿ ನಾಗತ್ತರನ ಮನೆಯಲ್ಲೇ ಬೆಳೆದ ಪೆರ್ವೊಣ ಸೆಟ್ಟಿಯೂ ಒಬ್ಬ. ಸೆಟ್ಟಿ ಎಂದರೆ ತಕ್ಕಡಿ ಹಿಡಿದವನು ಎಂದಷ್ಟೇ ತಿಳಿದವರು ಇಲ್ಲಿ ತಡೆದು ಯೋಚಿಸಬೇಕು. 9ನೇ ಶತಮಾನದಲ್ಲಿ ಗೆರೆಗಳು ಮುಂದೆ ಆದಷ್ಟು ಗಟ್ಟಿಯಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹೀಗೆ ಕಾದಿ ಸತ್ತವನ ಮನೆಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎನ್ನುತ್ತಿದ್ದರು. ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆ, ಕೆರೆಯನ್ನು ನೋಡಿಕೊಳ್ಳಲು ಬಿತ್ತುವಟ್ಟ. ಈ ಪದಗಳನ್ನು ನಾನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೇನೆ. ರಕ್ತಕ್ಕೂ ಮಣ್ಣಿಗೂ ಒಂದೇ ಬಗೆಯ ನಾಣ್ಯ ಚಲಾವಣೆಯಲ್ಲಿತ್ತು, ಆ ನಾಣ್ಯ ನೆಲ.

ವ್ಯಾಪಾರಿಗಳಿಗೆ ಅಯ್ಯಾವೊಳೆಯ ಐನೂರ್ವರಂಥ ದೊಡ್ಡ ಸಂಘಗಳಿದ್ದವು, ಅರಸನ ಮುಂದೆಯೂ ಅವರ ಮಾತಿಗೆ ತೂಕವಿತ್ತು. ನೇಯ್ಗೆಯವರು ಮಗ್ಗದೆರೆ ಕಟ್ಟುತ್ತಿದ್ದರು, ಗಾಣಿಗರು ಗಾಣದೆರೆ. ನಮ್ಮ ಸರ್ಜಾಪುರದ ಹತ್ತಿ ಬಟ್ಟೆಯ ನಯಕ್ಕೆ ಒಂದು ಕಾಲದಲ್ಲಿ ದೂರದೂರದ ಬೇಡಿಕೆಯಿತ್ತು. ಪೇಟೆಯ ಕುಲಗಳು ಬಲಗೈ, ಎಡಗೈ ಎಂದು ಎರಡು ಪಂಗಡವಾಗಿ, 18 ಪಣ, 9 ಪಣ ಎಂದು ಲೆಕ್ಕ ಹಾಕಿಕೊಂಡು, ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹೋಗಬೇಕೆಂದು ಹೊಡೆದಾಡುತ್ತಿದ್ದವು. ಅದೇ ಒಂದು ಉಪನ್ಯಾಸದ ವಸ್ತು. ನಾನು ಪೇಟೆಯನ್ನು ದಾಟಿ ಹಳ್ಳಿಯ ಕಣಕ್ಕೆ ಹೋಗಬೇಕು.

ಹಳ್ಳಿಯನ್ನು ನಡೆಸಿದವರು ಆಯಗಾರರು. ಹನ್ನೆರಡು ಜನ ಎಂಬುದು ರೂಢಿಯ ಲೆಕ್ಕ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ. ಊರಿಂದೂರಿಗೆ ಒಂದೆರಡು ಹೆಸರು ಬದಲಾಗುತ್ತಿದ್ದವು. ಮೈಸೂರಿನ ಚರಿತ್ರೆಯನ್ನು 1810ರಲ್ಲಿ ಅಚ್ಚು ಹಾಕಿಸಿದ ವಿಲ್ಕ್ಸ್, ಕೆಲವು ಕಡೆ ಅಕ್ಕಸಾಲಿಯ ಜಾಗದಲ್ಲಿ ಕವಿಯೂ ಆದ ಶಾಲೆಯ ಮೇಷ್ಟ್ರು ಇರುತ್ತಿದ್ದ ಎಂದು ದಾಖಲಿಸುತ್ತಾನೆ. ಮೇಷ್ಟರ ಕೆಲಸ ಮಾಡಿದ ನನಗೆ ಅದನ್ನು ಓದಿದಾಗ ಬಹಳ ಸಂತೋಷವಾಗಿತ್ತು. ಇವರಿಗೆ ಸಂಬಳವಿರಲಿಲ್ಲ. ಬೆಳೆ ಬಂದಾಗ ಕಣದಲ್ಲಿ ಒಂದು ಪಾಲು, ಅದೇ ಆಯ. ಅದರ ಜೊತೆಗೆ ಒಂದಿಷ್ಟು ಇನಾಮು ಭೂಮಿ.

ಕಣವನ್ನು ಕಂಡವರು ಈ ಸಭೆಯಲ್ಲಿ ಇನ್ನೂ ಇದ್ದೀರಿ. ಸಗಣಿ ಹಾಕಿ ಸಾರಿಸಿದ ದುಂಡನೆಯ ನೆಲ, ನಡುವೆ ಮೇಟಿ, ಸುತ್ತ ತುಳಿಯುವ ಎತ್ತುಗಳು, ತೂರಿದ ಮೇಲೆ ಎದ್ದು ನಿಂತ ರಾಶಿ, ರಾಶಿಯ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಪೂಜೆ ಆಗದೆ ಯಾರೂ ಕೊಳಗ ಮುಟ್ಟುವಂತಿರಲಿಲ್ಲ. 1800ರಲ್ಲಿ ಬೆಂಗಳೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಆ ರಾಶಿ ಹಂಚುವ ಕ್ರಮವನ್ನು ಸೇರಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾನೆ. ದೇವರ ಪಾಲು, ಬ್ರಾಹ್ಮಣರ ಪಾಲು, ಜಂಗಮರ ಪಾಲು, ಜೋಯಿಸನದು, ನಾಯಿಂದನದು, ಕುಂಬಾರನದು, ಅಗಸನದು, ಅಳೆಯುವವನದು, ಗೌಡನದು, ಶಾನುಭೋಗನದು. ಆಮೇಲೆ ಸರ್ಕಾರಕ್ಕೂ ರೈತನಿಗೂ ಹಂಚಿಕೆ. ನೀರಗಂಟಿಗೆ ಸಿಕ್ಕಿದ್ದು ರಾಶಿಯ ಅಡಿ. ಕೊಳಗಕ್ಕೆ ಬಾರದೆ, ಸಾರಿಸಿದ ಸಗಣಿಗೂ ಮಣ್ಣಿಗೂ ಅಂಟಿಕೊಂಡು ನೆಲದ ಮೇಲೆ ಉಳಿದ ಕಾಳು.

ಈ ಸಾಲನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ. ಮಳೆಗಾಲದ ನಡುರಾತ್ರಿ ಕೋಡಿ ಹರಿಯುವಾಗ ಏರಿಯ ಮೇಲೆ ನಿಂತವನು ಅವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಮನಸ್ಸಿನಲ್ಲೇ ಲೆಕ್ಕ ಇಟ್ಟವನು, ದೊಡ್ಡ ಹಿಡುವಳಿಯವನ ಬೈಗುಳ ತಿಂದವನು, ತೂಬಿಗೆ ಮಣ್ಣು ಕಚ್ಚಿದರೆ ಉಸಿರು ಬಿಗಿಹಿಡಿದು ನೀರಿಗಿಳಿದವನು. ಅವನಿಲ್ಲದೆ ಆ ರಾಶಿಯೇ ಇಲ್ಲ. ರಾಜನಿಗೆ ಅವನು ಏನಾಗಬೇಕು ಎಂದು ಕೇಳಿದನಲ್ಲ ನನ್ನ ಮೊಮ್ಮಗ, ರಾಜನ ಬೊಕ್ಕಸಕ್ಕೆ ಹೋಗುವ ಪ್ರತಿ ಖಂಡುಗವೂ ಮೊದಲು ಅವನ ಕೈಯಿಂದ ನೀರಾಗಿ ಹರಿದು ಬಂದದ್ದು. ರಾಜ್ಯವನ್ನು ಕೋಟೆಯ ಬಾಗಿಲಲ್ಲಿ ನಿಂತು ನೋಡಿದರೆ ಇದು ಕಾಣದು. ಕಣದಲ್ಲಿ ಕೂತು ಯಾರಿಗೆ ಎಷ್ಟನೆಯ ಕೊಳಗ ಬಿತ್ತು ಎಂದು ಎಣಿಸಿದರೆ ಇಡೀ ರಾಜ್ಯ ಬಿಚ್ಚಿಕೊಳ್ಳುತ್ತದೆ. ನಾನು ಇಷ್ಟು ವರ್ಷ ಓದಿ ಕಂಡುಕೊಂಡದ್ದು ಇದೊಂದೇ.

ಇನ್ನು ತೋಟಿ. ಊರಿನ ಗಡಿಯ ವ್ಯಾಜ್ಯ ಬಂದಾಗ ಗೌಡನ ಮಾತು, ಶಾನುಭೋಗನ ಕಡತ ಎರಡನ್ನೂ ಪಕ್ಕಕ್ಕಿಟ್ಟು ಕುಳವಾಡಿಯನ್ನು ಕರೆಯುತ್ತಿದ್ದರು. ತೋಟಿಯ ಕೆಲಸ ಮಾಡುವ ಹೊಲೆಯರ ಯಜಮಾನ ಅವನು. ಮೈಸೂರು ಸೀಮೆಯಲ್ಲಿದ್ದ ಮೆಕೆಂಜಿ ಎಂಬ ಅಧಿಕಾರಿ 1873ರಲ್ಲಿ ಇದನ್ನು ಬರೆದಿದ್ದಾನೆ: ಊರಿನ ಮಣ್ಣಿನ ಉಂಡೆ ಮಾಡಿ, ನಡುವೆ ನೀರು ಹುಯ್ದು, ತಲೆಯ ಮೇಲಿಟ್ಟುಕೊಂಡು ಅವನು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಗಡಿಯಲ್ಲಿ ನಡೆದರೆ ಉಂಡೆ ನಿಲ್ಲುತ್ತದೆ, ಸುಳ್ಳು ಹೆಜ್ಜೆ ಇಟ್ಟರೆ ಒಡೆದುಹೋಗುತ್ತದೆ ಎಂಬ ನಂಬಿಕೆ. ಅವನು ನಡೆದದ್ದೇ ಗಡಿ. ಎರಡೂ ಊರಿನವರು ತಲೆಬಾಗುತ್ತಿದ್ದರು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಊರಿನ ಎಲ್ಲೆ ಎಲ್ಲಿಯವರೆಗೆ ಎಂದು ಹೇಳುವ ಹಕ್ಕಿದ್ದವನಿಗೆ ಊರೊಳಗೆ ಮನೆ ಕಟ್ಟುವ ಹಕ್ಕಿರಲಿಲ್ಲ. ಇಡೀ ಊರಿನ ಮಣ್ಣನ್ನು ತಲೆಯ ಮೇಲೆ ಹೊತ್ತವನು ಊರ ಬಾವಿಯ ನೀರು ಸೇದುವಂತಿರಲಿಲ್ಲ. ಇಲ್ಲಿನ ಮೂಲದವರು ಅವರೇ ಎಂಬುದು ಊರಿಗೆ ಒಳಗೊಳಗೇ ಗೊತ್ತಿತ್ತು, ಆದ್ದರಿಂದಲೇ ಅವರ ಹೆಜ್ಜೆ ಪ್ರಮಾಣವಾಯಿತು. ಗೊತ್ತಿದ್ದೂ ಹೊರಗಿಟ್ಟದ್ದು ಗೊತ್ತಿಲ್ಲದೆ ಇಟ್ಟದ್ದಕ್ಕಿಂತ ದೊಡ್ಡ ಅನ್ಯಾಯ. ಇದನ್ನು ಹೇಳುವಾಗ ನನಗೆ ದನಿ ತಗ್ಗಿಸಲು ಆಗುವುದಿಲ್ಲ.

ಈ ಕಟ್ಟನ್ನು ಒಳಗಿನಿಂದಲೇ ಪ್ರಶ್ನಿಸಿದವರೂ ನಮ್ಮ ನಾಡಿನವರು. 12ನೇ ಶತಮಾನದ ಶರಣರ ಹೆಸರುಗಳನ್ನು ಕೇಳಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯ, ಹಡಪದ ಅಪ್ಪಣ್ಣ. ಯಾವ ಕಸುಬಿನಿಂದ ಊರು ಅವರನ್ನು ಕೆಳಗೆ ಕೂರಿಸಿತ್ತೋ ಅದೇ ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡು ನಿಂತರು. ಆಯ ಎಂಬುದು ಕಣದವನು ಕೊಟ್ಟದ್ದು, ಕಾಯಕ ಎಂಬುದು ತಾನು ಮಾಡಿದ್ದು. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದವನು ಒಂದು ದಿನ ದಿನದ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲೇ ಹಾಕಿ ಬರುವಂತೆ ಕಳಿಸಿದಳು. ನಾನು ಈ ಕಥೆಯನ್ನು ರಾಶಿಯ ಅಡಿಯ ಕಾಳಿನ ಪಕ್ಕದಲ್ಲಿಟ್ಟು ಓದುತ್ತೇನೆ. ನೆಲದ ಮೇಲಿನ ಕಾಳು ಒಬ್ಬರಿಗೆ ಹಣೆಬರಹವೆಂದು ಕೊಟ್ಟದ್ದು. ಲಕ್ಕಮ್ಮ ಅದನ್ನು ಎಷ್ಟು ಬೇಕು, ಎಷ್ಟು ಬೇಡ ಎಂದು ತಾನೇ ತೀರ್ಮಾನಿಸಿದಳು. ಆ ತೀರ್ಮಾನದ ಹಕ್ಕನ್ನು ನೀರಗಂಟಿಗೆ ಯಾವ ರಾಜನೂ ಕೊಡಲಿಲ್ಲ.

ಹಳೆಯ ಹಳ್ಳಿಯನ್ನು ಪುಟ್ಟ ಗಣರಾಜ್ಯವೆಂದು ಹೊಗಳಿದವರು ಬಹಳ ಜನ. ರಾಜ್ಯಗಳು ಉರುಳಿದರೂ ಹಳ್ಳಿ ಉಳಿಯಿತು ಎಂದು ಬ್ರಿಟಿಷ್ ಅಧಿಕಾರಿ ಮೆಟ್‌ಕಾಫ್ 1830ರಲ್ಲಿ ಬರೆದದ್ದು ನಮ್ಮ ರಾಷ್ಟ್ರೀಯ ಚಳವಳಿಯವರಿಗೂ ಹಿತವಾಗಿ ಕೇಳಿಸಿತು. ಉಳಿಯಿತು ನಿಜ. ಆನೇಕಲ್ಲಿನ ಚರಿತ್ರೆಯಲ್ಲೂ ಅದನ್ನೇ ಈಗ ಹೇಳಿದೆ. ಆದರೆ ಯಾರ ಬೆನ್ನಿನ ಮೇಲೆ ಉಳಿಯಿತು? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಈ ಹೊಗಳಿಕೆಯನ್ನು ಖಾರವಾಗಿ ತಳ್ಳಿಹಾಕಿದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಮಹಾರರ ವತನವನ್ನು ಬಿಡಿಸಲು ಮಸೂದೆ ತಂದವರೂ ಅವರೇ. ಅಲ್ಲಿನ ಮಹಾರ ನಮ್ಮ ತೋಟಿಯ ಅಣ್ಣ. ಒಂದು ತುಂಡು ನೆಲ, ಕಣದಲ್ಲಿ ಒಂದಿಷ್ಟು ಕಾಳು, ಅದಕ್ಕೆ ಪ್ರತಿಯಾಗಿ ಹಗಲು ರಾತ್ರಿ ಎನ್ನದೆ, ಮನೆಮಂದಿಯೆಲ್ಲ, ತಲೆಮಾರು ತಲೆಮಾರು ಊರಿನ ಕರೆಗೆ ಓಡಬೇಕು. ಆ ನೆಲವೇ ಬೇಡಿ ಎಂಬುದು ಅವರ ವಾದವಾಗಿತ್ತು. ನನ್ನ ಅಜ್ಜ ಆ ಮಾತನ್ನು ಓದಿದವರಲ್ಲ. ಆದರೂ ಅಪ್ಪನನ್ನು ಕೆರೆಯ ಕೆಲಸಕ್ಕೆ ಕರೆದುಕೊಂಡು ಹೋಗದೆ ಶಾಲೆಗೆ ಅಟ್ಟಿದರು.

ಮೈಸೂರಿನಲ್ಲಿ 1908ರ ಗ್ರಾಮಾಧಿಕಾರಿಗಳ ಕಾಯ್ದೆ ಈ ಪಿತ್ರಾರ್ಜಿತ ಹುದ್ದೆಗಳನ್ನು ಕಾನೂನಿನ ಪುಸ್ತಕಕ್ಕೆ ಇಳಿಸಿತು. ಅವು ರದ್ದಾದದ್ದು 1961ರ ಕಾಯ್ದೆಯಿಂದ, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಮಕ್ಕಳೇ, ಈ ತಾರೀಖನ್ನು ಬರೆದುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಮಧ್ಯಯುಗ ಯಾವ ಶತಮಾನದಲ್ಲಾದರೂ ಮುಗಿಯಲಿ, ತೋಟಿ, ತಳವಾರ, ನೀರಗಂಟಿಯ ಪಾಲಿಗೆ ಅದು ಕಾಗದದ ಮೇಲೆ ಮುಗಿದದ್ದು ಅಂದು. ಹುದ್ದೆ ಹೋಯಿತು, ಇನಾಮು ನೆಲವನ್ನು ಅದೇ ಮನೆಯವರಿಗೆ ಮರುಮಂಜೂರು ಮಾಡಬೇಕೆಂದು ಕಾಯ್ದೆ ಹೇಳಿತು. ಮೊದಲ ಸಲ ಆ ನೆಲ ಕೆಲಸದ ಹಂಗಿಲ್ಲದೆ ಅವರದಾಯಿತು.

ಆದರೆ ಅಷ್ಟರಲ್ಲೇ ನೆಲದ ಬೆಲೆ ಏರತೊಡಗಿತ್ತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಸುತ್ತ ಕೈಗಾರಿಕೆ ಬಂತು, ಬಡಾವಣೆ ಬಂತು. ಓದಲು ಬಾರದವರ ಹೆಬ್ಬೆಟ್ಟಿಗೆ ಮದುವೆ, ಆಸ್ಪತ್ರೆ, ಸಾಲದ ನೆಪದಲ್ಲಿ ಕ್ರಯಪತ್ರಗಳಾದವು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯಲು 1978ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಆ ಕಾಯ್ದೆಯ ಹೆಸರು ಹೇಳಿದರೆ ಈ ತಾಲ್ಲೂಕಿನ ಯಾವ ಟೀ ಅಂಗಡಿಯಲ್ಲೂ ಬಿಡಿಸಿ ಹೇಳಬೇಕಿಲ್ಲ, ಉಪವಿಭಾಗಾಧಿಕಾರಿಗಳ ಕೋರ್ಟಿನ ಮೆಟ್ಟಿಲು ಅಷ್ಟು ಮನೆಗಳಿಗೆ ಪರಿಚಯ. ಆ ಕಡತಗಳ ನಡುವೆ ತೋಟಿ ಇನಾಮು, ತಳವಾರಿ ಇನಾಮು, ನೀರಗಂಟಿ ಇನಾಮು ಎಂಬ ಪದಗಳು ಇವತ್ತಿಗೂ ಜೀವಂತ. ಪಾಳೆಯಗಾರರ ಕೋಟೆಯ ಕಲ್ಲುಗಳಿಗಿಂತ ಈ ಪದಗಳು ಹೆಚ್ಚು ದಿನ ಬಾಳಿವೆ.

ಇಲ್ಲಿ ಇನ್ನೊಂದು ನೋವಿದೆ. ಹುದ್ದೆ ಹೋದದ್ದು ನ್ಯಾಯ. ಹುದ್ದೆಯೊಳಗಿದ್ದ ತಿಳಿವಳಿಕೆಯೂ ಅದರ ಜೊತೆಗೇ ಹೋಯಿತು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಹರಿಯುತ್ತದೆ, ರಾಜಕಾಲುವೆ ಎಲ್ಲಿ ತಿರುಗುತ್ತದೆ ಎಂಬುದನ್ನು ಕಾಲಿನಲ್ಲಿ ಬಲ್ಲವರು ಯಾರೂ ಉಳಿಯಲಿಲ್ಲ, ಸಂಬಳ ಕೊಟ್ಟು ಆ ಕೆಲಸಕ್ಕೆ ಗೌರವದಿಂದ ಯಾರನ್ನೂ ಇಡಲೂ ಇಲ್ಲ. ಚಂದಾಪುರದ ಕೆರೆಯ ನೊರೆಯನ್ನು ನೀವೆಲ್ಲ ಬಸ್ಸಿನಿಂದ ನೋಡಿದ್ದೀರಿ. ಆ ಕೆರೆ ಕೆಟ್ಟದ್ದಕ್ಕೆ ರಾಜ್ಯ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ಒಂದು ಕೆರೆಗೆ ಐನೂರು ಕೋಟಿ. ಕೆರೆ ಕಾದವನಿಗೆ ರಾಶಿಯ ಅಡಿಯ ಕಾಳು.

ನಾನು ಹಳೆಯ ಕಾಲ ಬರಲಿ ಎನ್ನುವವನಲ್ಲ. ಬಂದರೆ ನಾನು ಈ ವೇದಿಕೆಯ ಮೇಲೆ ನಿಂತಿರುವುದಿಲ್ಲ, ಏರಿಯ ಮೇಲಿರುತ್ತೇನೆ. ಇವತ್ತು ಆನೇಕಲ್ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಗಡಿಯುದ್ದಕ್ಕೂ ಮಣ್ಣು ಹೊತ್ತು ನಡೆದವರ ಮಕ್ಕಳು ಆ ಗಡಿಯೊಳಗಿನ ಎಲ್ಲರ ಪರವಾಗಿ ಮಾತಾಡಲು ವಿಧಾನಸೌಧಕ್ಕೆ ಹೋಗುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ, ಯಾವ ರಾಜನೂ ದಾನವಾಗಿ ಕೊಟ್ಟದ್ದೂ ಅಲ್ಲ.

ನನ್ನ ಅಜ್ಜನ ಹೆಸರಿಗೆ ಬಂದ ಮರುಮಂಜೂರಾತಿ ಕಾಗದವನ್ನು ಇವತ್ತು ಜೊತೆಗೆ ತಂದಿದ್ದೇನೆ. ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ, ಕೆಳಗೆ ಹೆಬ್ಬೆಟ್ಟಿನ ಗುರುತಿದೆ. 'ಹುದ್ದೆ' ಎಂಬ ಕಾಲಂನಲ್ಲಿ ಶಾಯಿಯಲ್ಲಿ 'ನೀರಗಂಟಿ' ಎಂದು ಬರೆದಿದ್ದಾರೆ. ಮೊಮ್ಮಗನಿಗೆ ತೋರಿಸಿದಾಗ ಅವನು ಆ ಪದವನ್ನು ಕೂಡಿಸಿಕೊಂಡು ಓದಿ, ಬೆರಳನ್ನು ಹೆಬ್ಬೆಟ್ಟಿನ ಗುರುತಿನ ಮೇಲಿಟ್ಟು ಅಳತೆ ನೋಡಿದ. ಇಂಥ ಕಾಗದ ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇದ್ದೀತು. ಇದ್ದರೆ ಅದರಲ್ಲಿ ಏನು ಬರೆದಿದೆ ಎಂದು ಮಕ್ಕಳಿಂದ ಓದಿಸಿ ಕೇಳಿ, ಹೊಲದ ಹೆಸರು, ಕೆರೆಯ ಹೆಸರು, ತೂಬಿನ ಹೆಸರು ಗೊತ್ತಿದ್ದರೆ ಅವರಿಂದಲೇ ಬರೆಸಿಡಿ. ಯಾರಾದರೂ ಇವತ್ತೇ ತಂದಿದ್ದರೆ ವಂದನಾರ್ಪಣೆ ಆದ ಮೇಲೆ ಹೊರಡಬೇಡಿ, ನಾನು ಇಲ್ಲೇ ಇರುತ್ತೇನೆ.